ಬಜೆಯ ಬೇರು, ಏಳು ಸುತ್ತು

"ಬಜೆಯ ಬೇರಿಗೆ ಮಗುವಿನ ಬಾಯಲ್ಲಿ ಮಾತು ಬರಿಸುವ ಶಕ್ತಿ ನಿಜವಾಗಿಯೂ ಇದೆಯೇ, ಗುರುಗಳೇ?" ಎಂದು ಮರುಳಪ್ಪ ಕೇಳಿದ. "ಇಲ್ಲವೆಂದಾದರೆ, ಅದಕ್ಕಾಗಿ ಮಠಕ್ಕೆ ಬರುವವರನ್ನು ಹಿಂದಕ್ಕೆ ಕಳಿಸುವಂತೆ ಗುರುಪಾದನಿಗೆ ತಾವೇ ಹೇಳಿಬಿಡಿ. ನಾನಂತೂ ಅವನೊಡನೆ ಮಾತಾಡುವವನಲ್ಲ."

ಗುರುಪಾದ ಮಠದ ಇನ್ನೊಬ್ಬ ಶಿಷ್ಯ. ಬಂದವರಿಗೆ ಬೇರು ಕೊಡುವ ಕೆಲಸ ಅವನದು. ಗುರುಗಳು ಅವನನ್ನು ಕರೆಯಲಿಲ್ಲ, ಕತೆ ಹೇಳಿದರು.

ಒಬ್ಬ ಕುಂಬಾರನಿದ್ದ. ಹೆಂಡತಿ ಹೆತ್ತು ತವರಿನಿಂದ ಬಂದ ಹೊಸತು. ನಾಲ್ಕು ಜನರ ಮುಂದೆ ಅವಳ ತವರನ್ನು ಆಡಿಕೊಂಡ. ಅವಳು ಮಾತು ಬಿಟ್ಟಳು. ಇವನೇನು ಕಡಿಮೆಯೇ, ಇವನೂ ಬಿಟ್ಟ. ಹಾಗೆಂದು ಸಂಸಾರ ನಿಲ್ಲುತ್ತದೆಯೇ? ತೊಟ್ಟಿಲಲ್ಲಿ ಮಗುವಿತ್ತಲ್ಲ, ಎಲ್ಲವನ್ನೂ ಅದರ ಮೇಲೆ ಹಾಕಿ ಆಡಿದರು. "ಕಂದಾ, ಮುದ್ದೆ ಆರುತ್ತಿದೆಯೆಂದು ನಿಮ್ಮಪ್ಪನಿಗೆ ಹೇಳು" ಎನ್ನುವಳು ಅವಳು. "ಹಸಿವಿಲ್ಲವೆಂದು ನಿಮ್ಮವ್ವನಿಗೆ ಹೇಳು" ಎನ್ನುವನು ಇವನು.

ಮಗುವಿಗೆ ಮೂರು ವರ್ಷ ತುಂಬಿತು. ಕರೆದರೆ ತಿರುಗಿ ನೋಡುತ್ತಿತ್ತು, ನಗುತ್ತಿತ್ತು, ಮಾತು ಮಾತ್ರ ಇಲ್ಲ. ನೆರೆಯವರು ಮೂಗನೆಂದು ಕರೆಯತೊಡಗಿದರು. ತಾಯಿ ದೃಷ್ಟಿ ತೆಗೆದಳು, ಬಜೆಯ ಮಣಿ ಕೋದು ಮುಂಗೈಗೆ ಕಟ್ಟಿದಳು. ಏನೂ ಆಗಲಿಲ್ಲ. ಕೊನೆಗೆ ಮಗುವನ್ನೆತ್ತಿಕೊಂಡು ಮದ್ದು ಕೊಡುವ ಮುದುಕಿಯ ಬಳಿ ಹೋದಳು. ಕುಂಬಾರನೂ ನಾಲ್ಕು ಮಾರು ಹಿಂದೆ ನಡೆದು ಬಂದ.

"ಕಂದಾ, ಆ ಚಾಪೆಯ ಮೇಲೆ ಕೂರಬೇಕಂತೆ, ನಿಮ್ಮಪ್ಪನಿಗೆ ಹೇಳು" ಎಂದಳು ಅವಳು.

ಮುದುಕಿ ಮೂವರ ಮುಖವನ್ನೂ ನೋಡಿದಳು. ಒಂದು ಗೆಣ್ಣು ಬಜೆ ತಂದು ಕುಂಬಾರನ ಕೈಗಿಟ್ಟಳು.

"ದಿನವೂ ಬೆಳಗಾಗುತ್ತಲೇ ಇದನ್ನು ಕಲ್ಲಿನ ಮೇಲೆ ಏಳು ಸುತ್ತು ತೇಯ್ದು ಮಗುವಿಗೆ ನೆಕ್ಕಿಸು. ಇವಳು ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಎದುರಿಗೆ ಕೂರಲಿ. ಸುತ್ತು ಸುತ್ತಿಗೂ ನೀನು 'ಸಾಕೇ?' ಎಂದು ಕೇಳಬೇಕು. ಇವಳು ನಿನ್ನ ಮುಖ ನೋಡಿ 'ಇನ್ನೊಂದು' ಎನ್ನಬೇಕು. ಒಂದು ಉತ್ತರ ತಪ್ಪಿದರೂ ಬೇರಿನ ಗುಣ ಕಲ್ಲಿನ ಪಾಲು. ಮೊದಲೇ ಹೇಳಿದ್ದೇನೆ, ಆಮೇಲೆ ನನ್ನನ್ನು ದೂರಬೇಡಿ."

ಮೊದಲ ದಿನ ಅವಳಿಗೆ ಈ ಮುಖವನ್ನು ನಾನೇಕೆ ನೋಡಲಿ ಎಂದು ಸಿಟ್ಟು ಬಂತು. ಮಗುವಿಗಾಗಿ ನುಂಗಿಕೊಂಡು ಆ ಒಂದು ಮಾತು ಆಡಿದಳು. ಎಂಟನೆಯ ದಿನಕ್ಕೆ, "ಮೆಲ್ಲಗೆ, ಬೆರಳು ತರಚೀತು" ಎಂದುಬಿಟ್ಟಳು. ಅಂದು ಕುಂಬಾರ ಎರಡು ಮುದ್ದೆ ಉಂಡ. ತಿಂಗಳು ಕಳೆಯಿತು. ಬೇರು ಸವೆದು ಉಗುರಿನಷ್ಟಾಗಿತ್ತು. ಒಂದು ಬೆಳಗ್ಗೆ ಐದನೆಯ ಸುತ್ತಿಗೆ ಅವನ ಕೈ ನಿಂತಿತು.

"ಅಂದು ನಾನು ಹಾಗೆ ಆಡಿಕೊಳ್ಳಬಾರದಿತ್ತು" ಎಂದ.

ಅವಳ ಕಣ್ಣು ತುಂಬಿತು. ಕುಂಬಾರ ಹೇಗೋ ಸಾವರಿಸಿಕೊಂಡು, "ಸಾಕೇ?" ಎಂದು ಕೇಳಿದ. ಅವಳಿಗೆ ಮಾತೇ ಹೊರಡಲಿಲ್ಲ. ಉತ್ತರ ತಪ್ಪಿತಲ್ಲಾ ದೇವರೇ ಎಂದುಕೊಂಡಳು.

"ಇನ್ನೊಂದು" ಎಂದಿತು, ತೊಡೆಯ ಮೇಲಿದ್ದ ಮಗು.

ಗುರುಗಳು ಕತೆ ನಿಲ್ಲಿಸಿದರು. ಮರುಳಪ್ಪ ಗೆದ್ದವನಂತೆ ನಕ್ಕ. "ಹಾಗಾದರೆ ಬೇರಿನಲ್ಲಿ ಏನೂ ಇರಲಿಲ್ಲವೆಂದಾಯಿತು!"

"ಅದಿರಲಿ ಮರುಳಪ್ಪ, ಗುರುಪಾದನಿಗೆ ನೀನೇ ಹೋಗಿ ಹೇಳಬೇಕಾದರೆ ಎಷ್ಟು ಸುತ್ತು ತೇಯಬೇಕು?"