ಎರಡು ಬೆರಳಿನ ಕಿಂಡಿ

ವೆಂಕೋಬರಾಯರು ಕಾರಿನ ಹಿಂದೆ ಕಟ್ಟಿ ಎಳೆದು ತಂದ ಗಾಲಿಮನೆ ಹಿಮದ ಬೆಟ್ಟದಲ್ಲಿ ನಿಂತಿತ್ತು. ಒಳಗೆ ಗ್ಯಾಸ್ ಒಲೆಗೂ ಚಾವಣಿಯ ಕಿಂಡಿಗೂ ಜಗಳ ಹತ್ತಿತು.

“ನಾನು ಮೈ ಸುಟ್ಟುಕೊಂಡು ಮನೆ ಬೆಚ್ಚಗಿಡುತ್ತೇನೆ, ನೀನು ಅದನ್ನೆಲ್ಲ ಹೊರಗೆ ಬಿಡುತ್ತೀಯೆ, ದಂಡಪಿಂಡ!” ಎಂದಿತು ಒಲೆ.

“ತೆರೆದಿರುವುದು ಎರಡೇ ಬೆರಳಗಲ. ಅದೂ ನಿನ್ನ ಉಸಿರಿಗಾಗಿ” ಎಂದಿತು ಕಿಂಡಿ.

“ನನಗೆ ಯಾರ ಹಂಗೂ ಬೇಡ!”

ರಾಯರಿಗೂ ಚಳಿ ತಡೆಯಲಾಗಲಿಲ್ಲ. ತಲೆಯ ಮಂಕಿ ಕ್ಯಾಪ್ ಕಿತ್ತು ಕಿಂಡಿಗೆ ತುರುಕಿ, ಸಾರು ಕುದಿಯಲು ಇಟ್ಟರು. ಸಾರಿನ ಹಬೆ ಮೇಲೇರಿ, ಹೊರಗೆ ದಾರಿ ಕಾಣದೆ, ತಣ್ಣನೆಯ ಚಾವಣಿಗೆ ಅಂಟಿ ನೀರಾಗಿ ತೊಟ್ಟಿಕ್ಕತೊಡಗಿತು. ಹಾಸಿಗೆ ಒದ್ದೆಯಾಯಿತು. ಒಲೆಯ ನೀಲಿ ಉರಿ ಹಳದಿಯಾಗಿ ನಡುಗಿತು.

“ಅಯ್ಯೋ, ಉಸಿರು ಕಟ್ಟುತ್ತಿದೆ! ಯಾರಾದರೂ ಬನ್ನಿ!” ಎಂದು ಒಲೆ ಕೂಗಿತು.

ಅಷ್ಟರಲ್ಲಿ ರಾಯರ ಬೋಳುತಲೆಯ ಮೇಲೆ ತಣ್ಣನೆಯ ಹನಿಯೊಂದು ಬಿತ್ತು. “ಥತ್, ಸೂರು ಸೋರುತ್ತಿದೆ!” ಎಂದು ಬೈಯುತ್ತ ಅವರು ಕ್ಯಾಪನ್ನು ಕಿಂಡಿಯಿಂದ ಎಳೆದು ಮತ್ತೆ ತಲೆಗೇರಿಸಿದರು. ಗಾಳಿ ನುಗ್ಗಿತು. ಉರಿ ನೀಲಿಗೆ ತಿರುಗಿತು.

ಒಲೆ ಗಂಟಲು ಸರಿಮಾಡಿಕೊಂಡು ಕಿಂಡಿಗೆ ಹೇಳಿತು: “ಇಲ್ಲಿ ಕೇಳು, ಇನ್ನು ಮೇಲೆ ಸದಾ ಎರಡು ಬೆರಳು ತೆರೆದಿರಬೇಕು. ಥೂ, ಎಲ್ಲವನ್ನೂ ನಿನಗೆ ನಾನೇ ಹೇಳಿಕೊಡಬೇಕು!”