ಬಳೆಗಾರನ ಮುಂದೆ ಚಾಚಿದ ಕೈ

"ಗುರುಗಳೇ, ವಯಸ್ಸಾದ ಮೇಲೂ ಚರ್ಮ ನುಣುಪಾಗಿರಬೇಕಾದರೆ ಏನು ಮಾಡಬೇಕು?" ಎಂದು ಶಿಷ್ಯ ಕೇಳಿದ. ಅವನ ಗಡ್ಡದಲ್ಲಿ ಆಗಲೇ ನಾಲ್ಕು ನರೆಗೂದಲಿದ್ದವು.

ಗುರು ಒಂದು ಕತೆ ಹೇಳಿದ.

ಒಬ್ಬ ವರ್ತಕನ ಹೆಂಡತಿಗೆ ಅರವತ್ತಾಗಿತ್ತು. ಕಿರಿಯ ಮಗನ ಮದುವೆ. ಬಳೆ ತೊಡುವ ಶಾಸ್ತ್ರಕ್ಕೆ ಬೀಗರ ಕಡೆಯ ಹೆಂಗಸರೆಲ್ಲ ಬಂದು ಕೂತಿದ್ದರು. ಸಣ್ಣ ಅಳತೆಯ ಬಳೆ ಯಾರ ಗೆಣ್ಣು ದಾಟುತ್ತದೋ ಅವಳ ಮೈಯೇ ಮೈ ಎಂದು ಆ ಊರಿನ ನಂಬಿಕೆ. ಅದಕ್ಕಾಗಿ ಆಕೆ ಒಂದು ತಿಂಗಳಿಂದ ಕೇಸರಿಯ ಲೇಪ ತರಿಸಿ ಮುಖಕ್ಕೂ ಕೈಗೂ ಹಚ್ಚಿದ್ದಳು. ಮುಖ ಹೊಳೆಯುತ್ತಿತ್ತು. ಲೇಪ ಮಾರಿದವನ ಮುಖ ಇನ್ನೂ ಹೊಳೆಯುತ್ತಿತ್ತು.

ಮೂಲೆಯಲ್ಲಿ ಒಬ್ಬ ಮುದುಕಿ ಕೂತು ನೋಡುತ್ತಿದ್ದಳು. ಹಸುಗೂಸುಗಳಿಗೆ ಎಣ್ಣೆ ತಿಕ್ಕಿ ನೀರೆರೆಯುವುದು ಅವಳ ಕಸುಬು. ಆ ಮನೆಯ ನಾಲ್ಕು ಮಕ್ಕಳೂ ಅವಳ ಕಾಲ ಮೇಲೆ ಮಲಗಿ ಅತ್ತವರೇ. ಅವಳ ಮುಖದ ತುಂಬ ಸುಕ್ಕು. ಅದು ಅಲ್ಲಿದೆಯೆಂದು ಅವಳಿಗೆ ನೆನಪಾಗುತ್ತಿದ್ದುದೇ ಅಪರೂಪ.

"ನಾನು ಮದುವಣಗಿತ್ತಿಯಾಗಿದ್ದಾಗ ತೊಟ್ಟ ಅಳತೆಯೇ ಇರಲಪ್ಪ," ಎಂದಳು ಯಜಮಾನಿ.

ಕೆಟ್ಟಿತು, ಎಂದುಕೊಂಡಳು ಮುದುಕಿ.

ಬಳೆಗಾರ ಕೈ ಹಿಚುಕಿದ, ಮಡಿಸಿದ, ಒತ್ತಿದ. ಬಳೆ ಗೆಣ್ಣಿನ ಮೇಲೆ ಚಟ್ಟೆಂದಿತು. ಮದುವೆಮನೆಯಲ್ಲಿ ಬಳೆ ಒಡೆಯಿತು ಎನ್ನಬಾರದು. "ಹೆಚ್ಚಿತು, ತಾಯಿ," ಎಂದ. ಎರಡನೆಯದೂ ಹೆಚ್ಚಿತು. ಮೂರನೆಯದಕ್ಕೆ ರಕ್ತ ಬಂತು.

ಬೀಗಿತ್ತಿ ಬಾಯಿಗೆ ಸೆರಗು ಒತ್ತಿಕೊಂಡು, "ಹೆಚ್ಚಲಿ ಬಿಡಿ, ಇವರ ಮನೆಯಲ್ಲಿ ಯಾವುದು ಕಡಿಮೆ?" ಎಂದಳು. ಹೆಂಗಸರು ಕಿಸಕ್ಕನೆ ನಕ್ಕರು. ಯಜಮಾನಿಯ ಕಣ್ಣು ತುಂಬಿತು.

ತನ್ನ ಕಾಲ ಮೇಲೆ ಬೆಳೆದ ಮನೆಯನ್ನು ನೋಡಿ ಹೊರಗಿನವರು ನಗುವುದು ಮುದುಕಿಗೆ ಹಿಡಿಸಲಿಲ್ಲ. ಎದ್ದು ಬಂದು ನಡುವೆ ಕೂತು ಕೈ ಚಾಚಿದಳು. "ಅದೇ ಅಳತೆ ನನಗೆ ತೊಡಿಸು."

ಡಜನ್ ಬಳೆ ಒಂದೂ ತಡೆಯದೆ ಇಳಿದವು. ನಗು ನಿಂತಿತು.

"ಯಾವ ಎಣ್ಣೆ ಹಚ್ಚುತ್ತೀಯೇ?" ಎಂದಳು ಯಜಮಾನಿ.

"ನಿಮ್ಮ ಮನೆಯದೇ ಅವ್ವ. ಮಕ್ಕಳಿಗೆ ತಿಕ್ಕಿ ನನ್ನ ಕೈಯಲ್ಲಿ ಉಳಿದದ್ದು. ಈ ಮದುಮಗನದೂ ಇದೆ ಇದರಲ್ಲಿ," ಎಂದಳು ಮುದುಕಿ, ಬೀಗಿತ್ತಿಗೆ ಕೇಳಿಸುವಂತೆ. ಆಮೇಲೆ ಯಜಮಾನಿಯ ಗಾಯದ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಬಳೆಗಾರನಿಗೆ, "ಇವರಿಗೆ ದೊಡ್ಡ ಅಳತೆ ತೆಗೆ," ಎಂದಳು. ಯಜಮಾನಿ ಇನ್ನೊಂದು ಕೈಯನ್ನೂ ಚಾಚಿದಳು.

ಕತೆ ಮುಗಿಯಿತು. ಶಿಷ್ಯ ಕೈಮುಗಿದು, "ತಿಳಿಯಿತು ಗುರುಗಳೇ. ಪರರ ಸೇವೆ ಮಾಡಿದವರಿಗೆ ಮುಪ್ಪು ತಟ್ಟದು," ಎಂದ.

"ಕೈಯನ್ನು ನುಣುಪಾಗಿ ಇಟ್ಟದ್ದು ಬರೀ ಎಣ್ಣೆ ಕಣಯ್ಯ, ಸುಕ್ಕುಗಟ್ಟಿದ ಆ ಮುಖವನ್ನು ಅಷ್ಟು ಜನರೆದುರು ಎತ್ತಿ ನಿಲ್ಲಿಸಿದ್ದು ಯಾವುದು, ಅದನ್ನು ಹೇಳು," ಎಂದ ಗುರು.