ಫಕೀರವ್ವನ ಹಾಡಿಗೆ ಅಡಿವೆಪ್ಪನ ಪರವಾನಗಿ

ಯಾವ ಊರು ಅಂತ ಮಾತ್ರ ಕೇಳಬೇಡಿ. ಪೆದ್ದರಿಲ್ಲದ ಊರೊಂದಿದ್ದರೆ ಅದನ್ನು ಬಿಟ್ಟು ಉಳಿದದ್ದರಲ್ಲಿ ಯಾವುದಾದರೂ ಆಗಲಿ. ಆ ಊರಲ್ಲಿ ತಂಗೆವ್ವ ಅಂತ ಒಬ್ಬಳು ರೊಟ್ಟಿ ಖಾನಾವಳಿ ಇಟ್ಟಿದ್ದಳು. ಅವಳ ಕೈಯ ಎಣಗಾಯಿ ಪಲ್ಯ ಉಣ್ಣಲು ಬೇರೆ ಓಣಿಯ ಜನವೂ ಬರುತ್ತಿದ್ದರು. ಅಂಥವಳ ಹೊಟ್ಟೆಯಲ್ಲಿ ಹುಟ್ಟಿದವನು ಅಡಿವೆಪ್ಪ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ಕಷ್ಟ. "ಹಾಲು ಉಕ್ಕತೈತೇನು ನೋಡು" ಅಂದರೆ ನೋಡುತ್ತಿದ್ದ. ಉಕ್ಕಿ, ಹರಿದು, ಒಲೆ ಆರುವ ತನಕ ಕೂತು ನೋಡುತ್ತಿದ್ದ.

ಒಂದು ದಿನ ತಂಗೆವ್ವನ ತವರಿನಿಂದ ಸುದ್ದಿ ಬಂತು. ಅಲ್ಲಿ ಫಕೀರವ್ವ ಅಂತ ಒಬ್ಬ ಮುದುಕಿ, ಏಕತಾರಿ ಹಿಡಿದು ತತ್ವಪದ ಹಾಡುವವಳು. ತಂಗೆವ್ವ ಸಣ್ಣವಳಿದ್ದಾಗ ಅವಳ ತೊಡೆಯ ಮೇಲೆ ಮಲಗಿ ಹಾಡು ಕೇಳಿ ಬೆಳೆದವಳು. ಹೆತ್ತವಳನ್ನು ಕಾಣದ ಹುಡುಗಿಗೆ ಆ ಧ್ವನಿಯೇ ತಾಯಿ ಆಗಿತ್ತು. "ಕಣ್ಣು ಮಂಜಾಗ್ಯಾವ, ಕಾಲು ಸೋತಾವ, ಧ್ವನಿ ಒಂದು ಉಳದೈತಿ. ಬರೂ ಸೋಮವಾರ ಬಂದು ನಿನ್ನ ಅಂಗಳದಾಗ ಹಾಡ್ತೀನಿ. ಇದ ಕಡೀದು" ಎಂದು ಫಕೀರವ್ವ ಹೇಳಿ ಕಳಿಸಿದ್ದಳು. ತಂಗೆವ್ವ ರೊಟ್ಟಿ ಬಡಿಯುತ್ತಲೇ ಅತ್ತಳು, ಅಳುತ್ತಲೇ ನಕ್ಕಳು.

ಮುದುಕಿಯ ಧ್ವನಿಗೆ ಒಂದು ಮೈಕಾದರೂ ಬೇಡವೇ? ಕೇಳಿದರೆ ಮೈಕಿನ ಅಂಗಡಿಯವನು ತಲೆ ಅಲ್ಲಾಡಿಸಿದ. "ಮೊದಲಿನ ಕಾಲ ಹೋತು ತಂಗೆವ್ವಾ! ಈಗ ನಾಕು ಮಂದಿ ಕೂಡಿಸಿ ಹಾಡಸಬೇಕಂದ್ರ ಪೊಲೀಸರ ಪರವಾನಗಿ ಬೇಕು. ಅದಕ್ಕ ಪುರಸಭೆಯವರು ಒಪ್ಪಬೇಕು, ಫೈರ್ ಸ್ಟೇಷನ್ನಿನವರು ಒಪ್ಪಬೇಕು, ಬಾಜೂ ಮನಿಯವರೂ ಒಪ್ಪಬೇಕು. ಕಾಗದ ಇಲ್ಲದ ನನ್ನ ಮೈಕು ಗೂಟದಿಂದ ಇಳಿಯೂದಿಲ್ಲ!"

ತಂಗೆವ್ವನ ಎರಡೂ ಕೈ ಹಿಟ್ಟಿನಲ್ಲಿ. ಕಳಿಸಲು ಇದ್ದವನು ಒಬ್ಬನೇ ಮಗ. ಏನು ಮಾಡಿಯಾಳು?

"ಅಡಿವ್ಯಾ, ಪೊಲೀಸ್ ಠಾಣೆಕ್ಕ ಹೋಗು. ಅಲ್ಲಿ ವಟವಟ ಅನಬ್ಯಾಡ. ಕೈ ಮುಗದು ನಿಂದ್ರು. 'ಏನು ಬೇಕಪಾ' ಅಂತ ಅವರು ಕೇಳೂತನಕ ಬಾಯಿ ತೆರೀಬ್ಯಾಡ!"

ಹೋದ. ಕೈ ಮುಗಿದ. ನಿಂತ.

"ಯಾರಲೇ ನೀ?" ಅಂದ ಹವಾಲ್ದಾರ. ಮಾತಿಲ್ಲ.

"ಯಾವ ಓಣಿಯಾಂವ?" ಮಾತಿಲ್ಲ.

"ಏನು ಮಾಡಿ ಬಂದಿ?" ಊಹೂಂ, ಮಾತೇ ಇಲ್ಲ. 'ಏನು ಬೇಕಪಾ' ಅಂತ ಮಾತ್ರ ಆ ಠಾಣೆಯಲ್ಲಿ ಒಬ್ಬರೂ ಕೇಳಲಿಲ್ಲ.

ಕೈ ಮುಗಿದು ಬಾಯಿ ಬಿಗಿದು ನಿಂತವನು ಏನೋ ದೊಡ್ಡದನ್ನೇ ಮಾಡಿ ಶರಣಾಗಲು ಬಂದಿದ್ದಾನೆ ಎಂದುಕೊಂಡು ಅವನನ್ನು ಮೂಲೆಯಲ್ಲಿ ಕೂರಿಸಿದರು. ಸಂಜೆ ತಂಗೆವ್ವ ಎದ್ದು ಬಿದ್ದು ಓಡಿ ಬಂದು ಬಿಡಿಸಿಕೊಂಡಳು. ಕತೆ ಕೇಳಿ ಸಾಹೇಬರು ನಕ್ಕುಬಿಟ್ಟರು. "ಉಳಿದ ಮೂರು ಕಡೆ ಒಪ್ಪಿಗೆ ತಗೊಂಡು ಬಾರವ್ವಾ, ನಾ ಕೊಡ್ತೀನಿ" ಅಂದರು.

ದಾರಿಯುದ್ದಕ್ಕೂ ತಂಗೆವ್ವ ಬೈದಳು. "ಹುಚ್ಚ ಖೋಡಿ! ಮೂಗಬಸವನಂಗ ನಿಂತ್ರ ಯಾರು ಕೊಡ್ತಾರ? ಒಳಗ ಕಾಲಿಟ್ಟ ಕೂಡ್ಲೇ ಗಟ್ಟಿಯಾಗಿ ಒದರಬೇಕು: ನಮ್ಮನ್ಯಾಗ ಹಾಡೈತಿ, ಎಲ್ಲಾರೂ ಖುಷೀಲೆ ಬರ್ರಿ, ಅಪ್ಪಣೆ ಕೊಡ್ರಿ ಅಂತ!"

"ಹೂಂ ಅವ್ವಾ!"

ಮರುದಿನ ಪುರಸಭೆಗೆ ಹೋದ. ಅಲ್ಲಿ ಹಿರಿಯ ಮೆಂಬರರೊಬ್ಬರು ತೀರಿಕೊಂಡಿದ್ದರು. ಫೋಟೋಕ್ಕೆ ಹಾರ ಹಾಕಿ, ಎಲ್ಲರೂ ತಲೆ ತಗ್ಗಿಸಿ ಮೌನವಾಗಿ ನಿಂತಿದ್ದರು. ಅಡಿವೆಪ್ಪ ಒಳಗೆ ಕಾಲಿಟ್ಟ. "ನಮ್ಮನ್ಯಾಗ ಹಾಡೈತಿ! ಎಲ್ಲಾರೂ ಖುಷೀಲೆ ಬರ್ರಿ!" ಎಂದು ಒದರಿದ. ಅಪ್ಪಣೆ ಕೇಳುವಷ್ಟರಲ್ಲಿ ಜವಾನ ಕೊರಳಪಟ್ಟಿ ಹಿಡಿದು ಮೆಟ್ಟಿಲ ಕೆಳಗೆ ಬಿಟ್ಟುಬಂದ.

ತಂಗೆವ್ವ ಹಣೆ ಹಣೆ ಬಡಿದುಕೊಂಡಳು. "ತಲಿ ತಗ್ಗಿಸಿ ನಿಂತವರ ಮುಂದ ಖುಷಿ ಅಂತಾರೇನೋ? ನೀನೂ ತಲಿ ತಗ್ಗಿಸಬೇಕು, ಕಣ್ಣೀರು ಒರಿಸ್ಕೋಬೇಕು. 'ಹೋದದ್ದು ಹೋತು, ಇದ್ದವರು ಸಮಾಧಾನ ಮಾಡ್ಕೋರಿ' ಅನಬೇಕು!"

"ಹೂಂ ಅವ್ವಾ!"

ಫೈರ್ ಸ್ಟೇಷನ್ನಿಗೆ ಹೋದ. ಅಲ್ಲಿಗೆ ಅಂದೇ ಹೊಸ ಬಂಡಿ ಬಂದಿತ್ತು. ಕೆಂಪು ಬಣ್ಣ ಫಳಫಳ ಹೊಳೆಯುತ್ತಿತ್ತು. ಗಾಲಿಗೆ ನಿಂಬೆಹಣ್ಣು, ಮೂತಿಗೆ ಕುಂಕುಮ, ಚೆಂಡುಹೂವಿನ ಹಾರ. ಸಿಬ್ಬಂದಿಯೆಲ್ಲ ತಲೆ ಬಾಗಿಸಿ ನಮಸ್ಕಾರ ಮಾಡುತ್ತ ನಿಂತಿದ್ದರು. ತಲೆ ತಗ್ಗಿದ್ದು ಕಂಡದ್ದೇ ತಡ, ಅಡಿವೆಪ್ಪ ಹೋಗಿ ಬಂಡಿಯನ್ನು ತಬ್ಬಿಕೊಂಡು ಗೊಳೋ ಎಂದು ಅತ್ತ. "ಹೋದದ್ದು ಹೋತು! ಇದ್ದವರು ಸಮಾಧಾನ ಮಾಡ್ಕೋರಿ!" ಹೊಸ ಬಂಡಿಯ ನೀರು ಎಷ್ಟು ದೂರ ಹಾರುತ್ತದೆ ಅನ್ನುವುದನ್ನು ಅವರು ಅವನ ಮೇಲೆಯೇ ಪರೀಕ್ಷೆ ಮಾಡಿದರು.

ತೊಪ್ಪೆಯಾಗಿ ಬಂದ ಮಗನ ತಲೆ ಒರೆಸುತ್ತ ತಂಗೆವ್ವ ಬೈದಳು. "ಎಲ್ಲಿಂದ ಗಂಟುಬಿದ್ದೆಪಾ ನನಗ! ಹೂವು ಕುಂಕುಮ ಕಂಡಲ್ಲಿ ಅಳ್ತಾರೇನು? ನಗಬೇಕು! 'ಒಂದಿದ್ದದ್ದು ಹತ್ತಾಗಲಿ, ಅಂಗಳ ತುಂಬ ಓಡ್ಯಾಡಲಿ' ಅಂತ ಹರಸಬೇಕು!"

"ಹೂಂ ಅವ್ವಾ!"

ಇನ್ನುಳಿದದ್ದು ಬಾಜೂ ಮನೆಯ ನಿಂಗನಗೌಡರು. ಅಲ್ಲಿ ನೋಡಿದರೆ ಗೌಡರು, ಗೌಡತಿ, ಮಕ್ಕಳು ಮರಿ ಎಲ್ಲ ಹೊರಸಿನ ಮೇಲೆ ಕಾಲು ಎತ್ತಿಟ್ಟುಕೊಂಡು ಕೂತಿದ್ದರು. ಬೆಳಿಗ್ಗೆ ಅಂಗಳದಲ್ಲಿ ನಾಗರಹಾವು ಕಾಣಿಸಿಕೊಂಡು ಬಚ್ಚಲ ಗೋಡೆಯ ಬಿಲ ಸೇರಿತ್ತು. ಗೌಡತಿ ಬಿಲದ ಬಾಯಿಗೆ ಕುಂಕುಮ ಹಚ್ಚಿ, ಹೂವಿಟ್ಟು, ಬಟ್ಟಲು ಹಾಲಿಟ್ಟು ಬಂದು, ಹೊರಸಿನ ಮೇಲಿಂದಲೇ "ಬಂದ ದಾರೀಲೆ ಹೋಗಪ್ಪಾ" ಎಂದು ಬೇಡಿಕೊಳ್ಳುತ್ತಿದ್ದಳು. ಅಡಿವೆಪ್ಪ ಹೂವು ಕಂಡ, ಕುಂಕುಮ ಕಂಡ. ಬಾಯಿ ತುಂಬ ನಕ್ಕ.

"ಒಂದಿದ್ದದ್ದು ಹತ್ತಾಗಲಿ! ಅಂಗಳ ತುಂಬ ಓಡ್ಯಾಡಲಿ!"

ಹಾವಿಗೆ ಹೆದರಿ ಹೊರಸು ಹತ್ತಿದ್ದ ಗೌಡರು ಬಡಿಗೆ ಹಿಡಿದು ಇಳಿದರು. ಹಾವೂ ಆ ಗದ್ದಲಕ್ಕೆ ಹೆದರಿರಬೇಕು.

ಇನ್ನು ಇವನನ್ನು ನಂಬಿದರೆ ಫಕೀರವ್ವನ ಹಾಡು ಕೇಳಿದ ಹಾಗೇ ಇದೆ ಎಂದುಕೊಂಡಳು ತಂಗೆವ್ವ. ಮರುದಿನ ಖಾನಾವಳಿಯ ಒಲೆ ಹತ್ತಲಿಲ್ಲ. ಇಳಕಲ್ ಸೀರೆ ಉಟ್ಟು ತಾನೇ ಹೊರಟಳು. ಪುರಸಭೆಯಲ್ಲಿ ಕೈ ಮುಗಿದಳು, ಫೈರ್ ಸ್ಟೇಷನ್ನಿನಲ್ಲಿ ತಪ್ಪಾಯ್ತು ಅಂದಳು, ಗೌಡರ ಮನೆಗೆ ಹೋಳಿಗೆ ಹೊತ್ತಳು. ಎಲ್ಲ ಕಡೆ ಒಪ್ಪಿದರು. ಸಾಹೇಬರು ಪರವಾನಗಿ ಕೊಟ್ಟು ಒಂದೇ ಮಾತು ಹೇಳಿದರು: "ಒಳಗ ಐವತ್ತು ಮಂದಿ. ಮ್ಯಾಲ ಒಬ್ಬರು ಹೆಚ್ಚಾದ್ರೂ ಹಾಡು ಬಂದ್."

ಸೋಮವಾರ ಬಂತು. ತಂಗೆವ್ವ ಐವತ್ತು ಹುಣಸೆ ಬೀಜ ಎಣಿಸಿ ಮಗನ ಕೈಗೆ ಕೊಟ್ಟಳು. "ಅಂಗಳದ ಬಾಗಲದಾಗ ನಿಂದ್ರು. ಒಬ್ಬರಿಗೆ ಒಂದು ಬೀಜ. ಬೀಜ ಮುಗದ ಮ್ಯಾಲ ದೇವರು ಬಂದ್ರೂ ಒಳಗ ಬಿಡಬ್ಯಾಡ! ತಿಳೀತ?"

"ಹೂಂ ಅವ್ವಾ!"

ಅಡಿವೆಪ್ಪ ಮೊದಲ ಬೀಜ ತಾನೇ ಇಟ್ಟುಕೊಂಡ. ಅವ್ವನಿಗೊಂದು ಕೊಟ್ಟ, ಮೈಕಿನವನಿಗೊಂದು ಕೊಟ್ಟ. ನ್ಯಾಯ ಅಂದರೆ ನ್ಯಾಯ. ಜನ ಬಂದರು, ಬೀಜ ಮುಗಿಯಿತು. ಆಗ ಬಸ್ಸಿಳಿದು, ಏಕತಾರಿಯನ್ನು ಎದೆಗವಚಿಕೊಂಡು, ಗೋಡೆ ತಡವುತ್ತ ಫಕೀರವ್ವ ಬಂದಳು.

"ಬೀಜ ಮುಗದಾವ, ಆಯಿ. ಹೋಗು!"

"ನಾನ ಹಾಡಾಕಿ, ಮಗನ!"

"ಹಾಡಾಕಿ ಮನಷ್ಯಾಳ ಅಲ್ಲೇನು? ಎಣಕಿ ಎಣಕೀನ!"

ಮುದುಕಿ ಮತ್ತೆ ಗೋಡೆ ತಡವುತ್ತ ಬಂದ ದಾರಿ ಹಿಡಿದಳು. ಒಳಗೆ ಜನ ಕಾದರು, ಕೆಮ್ಮಿದರು, ಮೈಕಿನ ಮುಖ ನೋಡಿದರು. ತಂಗೆವ್ವ ಬಾಗಿಲಿಗೆ ಬಂದಳು. "ಫಕೀರವ್ವಾಯಿ ಬಂದಳೇನೋ?"

"ಬಂದಿದ್ದಳು. ವಾಪಸ್ ಕಳಿಸಿದೆ!"

"ಅಯ್ಯ ನಿನ್ನ!" ಎಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಗೆ ಓಡಿದಳು. ಓಡುವವಳ ಕೈಯಿಂದ ಅಡಿವೆಪ್ಪ ಬೀಜ ಕಿತ್ತುಕೊಳ್ಳುವುದನ್ನು ಮರೆಯಲಿಲ್ಲ. ಅದನ್ನು ಹೊರಗೆ ಕಾಯುತ್ತಿದ್ದ ನಿಂಗನಗೌಡರಿಗೆ ಕೊಟ್ಟು ಒಳಗೆ ಬಿಟ್ಟ. ಲೆಕ್ಕ ಸರಿಹೋಯಿತು.

ಓಣಿಯ ತಿರುವಿನಲ್ಲಿ ಮುದುಕಿ ಸಿಕ್ಕಳು. ಕೈ ಹಿಡಿದು ಕರೆದು ತಂದರೆ ಬಾಗಿಲು ಹಾಕಿದೆ!

"ತೆಗಿಯೋ! ನಾ ನಿಮ್ಮವ್ವ!"

ಒಳಗಿಂದ ಮಗ ಕೇಳಿದ, "ಬೀಜ ಐತೇನು?"

"ಹೆತ್ತಾಕಿನ್ನ ಬೀಜ ಕೇಳ್ತೀಯೇನೋ?"

"ದೇವರು ಬಂದ್ರೂ ಬಿಡಬ್ಯಾಡ ಅಂದಾಕಿ ನೀನ. ನೀ ದೇವರಿಗಿಂತ ದೊಡ್ಡಾಕ್ಯೇನವ್ವಾ?" ಅಗಳಿ ಹಾಕಿದ ಸದ್ದಾಯಿತು.

ತಂಗೆವ್ವ ಕಟ್ಟೆಯ ಮೇಲೆ ಕುಸಿದು ಕೂತು ಸಣ್ಣ ಹುಡುಗಿಯಂತೆ ಅತ್ತಳು. ಇಷ್ಟು ದಿನ ಅಲೆದದ್ದೆಲ್ಲ ಮಣ್ಣುಪಾಲಾಯಿತು ಅಂದಳು. ಫಕೀರವ್ವ ಮಾತ್ರ ಬೊಚ್ಚು ಬಾಯಿ ತೆರೆದು ನಕ್ಕಳು. "ಮೈಕು ಒಳಗ, ಮಂದಿ ಒಳಗ, ಪರವಾನಗಿ ಒಳಗ. ನಾ ಬಂದದ್ದು ನಿನ್ನ ಸಲುವಾಗಿ ಹೌದಿಲ್ಲೋ? ನೀ ಹೊರಗ ಅದೀ. ಮತ್ತೇನು ಬೇಕು? ಬಾ ಇಲ್ಲಿ, ತಂಗೀ."

ತೊಡೆ ತಟ್ಟಿ ತೋರಿಸಿದಳು. ತಲೆ ನರೆತ ತಂಗೆವ್ವ ಆ ತೊಡೆಯ ಮೇಲೆ ತಲೆ ಇಟ್ಟಳು. ಏಕತಾರಿ ಮಿಡಿಯಿತು. ಧ್ವನಿ ಮೆಲ್ಲಗೆ ಎದ್ದಿತು, ನಡುಗಿತು, ಆಮೇಲೆ ಗಟ್ಟಿಯಾಯಿತು. ತಂಗೆವ್ವನಿಗೆ ಖಾನಾವಳಿ, ಕಾಗದ, ಕಚೇರಿ ಎಲ್ಲ ಮರೆತುಹೋಯಿತು. ಅಷ್ಟು ಸುಖ ಅವಳಿಗೆ ಎಷ್ಟೋ ವರ್ಷದಿಂದ ಆಗಿರಲಿಲ್ಲ.

ಅಷ್ಟರಲ್ಲಿ ಒಳಗಿನ ಮೈಕು ಗರ್ರ್ ಅಂತು. ನಾಲ್ಕು ಕಡೆ ಒಪ್ಪಿಗೆ ಪಡೆದು ತಂದ ಆ ಮೈಕಿನಲ್ಲಿ ಅಂದು ಊರಿಗೆಲ್ಲ ಕೇಳಿಸಿದ್ದು ಅಡಿವೆಪ್ಪನ ಧ್ವನಿ ಒಂದೇ:

"ಯಾರದು ಹೊರಗ ಹಾಡಾವರು? ಸುಮ್ಮಕ ಕುಂದರ್ರಿ! ಒಳಗ ಫಕೀರವ್ವಾಯಿ ಹಾಡು ಚಾಲೂ ಆಗೂದೈತಿ!"